ಬಾಕಿ ಪಟ್ಟಿಯಲ್ಲಿ ಹಣ ಮುಟ್ಟಿದವರ ಹೆಸರೂ ಬರ್ತಿದೆ, ಕ್ವೆರಿ ಹೇಗೆ ಬರೀಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ದಾವಣಗೆರೆಯ ಒಂದು ದಲಾಲಿ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಮೆಕ್ಕೆಜೋಳ, ಶೇಂಗಾ ತಂದ ರೈತರಲ್ಲಿ ಇನ್ನೂ ಹಣ ಕೊಡಬೇಕಾದವರ ಪಟ್ಟಿ ಬೇಕು. ಕೊಟ್ಟು ಮುಗಿದವರೂ ಬರ್ತಿದ್ದಾರೆ. ಇಡೀ ಕ್ವೆರಿ (ಡೇಟಾಬೇಸ್‌ನಿಂದ ಪಟ್ಟಿ ತೆಗೆಯೋ ಆದೇಶ) ಒಂದೇ ಸಾಲಲ್ಲಿದೆ, ಕೊನೆ ಹೀಗಿದೆ:

ವೇರ್ ಬೆಳೆ = 'ಮೆಕ್ಕೆಜೋಳ' ಆರ್ ಬೆಳೆ = 'ಶೇಂಗಾ' ಆ್ಯಂಡ್ ಬಾಕಿ > 0

ಸಾಲು ಮುರಿದು ಬರೆದ್ರೆ ಸರಿಹೋಗುತ್ತಾ?

ಉತ್ತರ: ಬರೀ ಸಾಲು ಮುರಿದ್ರೆ ಪಟ್ಟಿ ಬದಲಾಗಲ್ಲ. ಕ್ವೆರಿ ಬರೆಯೋ ಭಾಷೆ ಎಸ್‌ಕ್ಯೂಎಲ್‌ಗೆ ಒಂದು ಸ್ಪೇಸ್ ಆದ್ರೂ ಒಂದೇ, ಹತ್ತು ಸಾಲು ಬಿಟ್ರೂ ಒಂದೇ. ಆದ್ರೆ ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತೆ. ಆರ್‌ಗಿಂತ (ಅಥವಾ) ಮೊದಲು ಆ್ಯಂಡ್ (ಮತ್ತು) ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಬಾಕಿಯ ಷರತ್ತು ಶೇಂಗಾದವರಿಗಷ್ಟೇ ಅಂಟಿಕೊಂಡಿದೆ, ಮೆಕ್ಕೆಜೋಳದವರು ಬಾಕಿ ಇರಲಿ ಬಿಡಲಿ ಎಲ್ರೂ ಒಳಗೆ ಬಂದಿದ್ದಾರೆ. ಪಟ್ಟಿ ತೆಗೆದು ನೋಡಿ, ಹಣ ಮುಟ್ಟಿದವರೆಲ್ಲ ಮೆಕ್ಕೆಜೋಳದವರೇ ಇರ್ತಾರೆ. ಹೀಗೆ ಬರೀರಿ:

ವೇರ್
    (ಬೆಳೆ = 'ಮೆಕ್ಕೆಜೋಳ'
     ಆರ್ ಬೆಳೆ = 'ಶೇಂಗಾ')
    ಆ್ಯಂಡ್ ಬಾಕಿ > 0

ಆ್ಯಂಡ್ ಸಾಲಿನ ತಲೆಯಲ್ಲೇ ಇರಲಿ. ಒಂದು ಷರತ್ತು ಬಿಟ್ಟು ಪರೀಕ್ಷೆ ಮಾಡಬೇಕಂದ್ರೆ ಆ ಸಾಲಿನ ಮುಂದೆ -- ಹಾಕಿದ್ರೆ ಸಾಕು, ಡೇಟಾಬೇಸ್ ಆ ಸಾಲನ್ನ ಓದದೆ ಬಿಡುತ್ತೆ.

ಟೇಬಲ್ ಜೋಡಿಸೋವಾಗಲೂ ಹಾಗೇ. ಫ್ರಮ್ ಆದ್ಮೇಲೆ ಕಾಮಾ ಹಾಕಿ ಟೇಬಲ್‌ಗಳ ಹೆಸರು ಪೋಣಿಸ್ಬೇಡಿ. ಷರತ್ತು ಮರೆತ್ರೆ 300 ರೈತರಿಗೆ 12 ಖರೀದಿದಾರರು ಗುಣಾಕಾರವಾಗಿ 3,600 ಸಾಲು ಬೀಳುತ್ತೆ, ಎರರ್ ಕೂಡ ತೋರ್ಸಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಪ್ಪು ಮಾಡಿ ಇಡೀ ದಿನ ಹುಡುಕಿದ್ದೀನಿ. ಪ್ರತಿ ಜಾಯಿನ್‌ಗೆ (ಟೇಬಲ್ ಜೋಡಿಸೋ ಆದೇಶ) ಒಂದು ಸಾಲು, ಅದರ ಕೆಳಗೇ ಆನ್ (ಜೋಡಿಸೋ ಷರತ್ತು) ಬರೀರಿ. ಆನ್ ಇಲ್ಲದ ಜಾಗ ತಾನಾಗಿ ಕಾಣುತ್ತೆ.

ಪ್ರಶ್ನೆ: ಕೋಡನ್ನ ತಾನೇ ಸಾಲಾಗಿ ಜೋಡಿಸೋ ಫಾರ್ಮ್ಯಾಟರ್ ಹಾಕಿದ್ರೆ ಇದೆಲ್ಲ ಆಗುತ್ತಲ್ವಾ ಮೇಡಂ? ನಮ್ಮ ಕ್ವೆರಿಗಳೆಲ್ಲ ಪೈಥಾನ್ ಫೈಲ್‌ಗಳಲ್ಲಿವೆ.

ಉತ್ತರ: ಪೈಥಾನ್‌ಗೆ ಬ್ಲ್ಯಾಕ್ ಅನ್ನೋ ಫಾರ್ಮ್ಯಾಟರ್ ಹಾಕಿ, ಒಳ್ಳೇದು. ಆದ್ರೆ ಕೋಟ್ಸ್ ಒಳಗಿನ ಕ್ವೆರಿಯನ್ನ ಅದು ಮುಟ್ಟಲ್ಲ. ಬ್ರಾಕೆಟ್ ಎಲ್ಲಿರಬೇಕಿತ್ತು ಅನ್ನೋದು ಯಾವ ಟೂಲ್‌ಗೂ ಗೊತ್ತಾಗಲ್ಲ, ಮಂಡಿಯ ವ್ಯವಹಾರ ಗೊತ್ತಿರೋದು ನಿಮಗೆ. ಇನ್ನೊಂದು, ಫಾರ್ಮ್ಯಾಟ್ ಮಾಡಿದ್ದಕ್ಕೂ ತಪ್ಪು ತಿದ್ದಿದ್ದಕ್ಕೂ ಗಿಟ್‌ನಲ್ಲಿ (ಕೋಡ್ ಬದಲಾವಣೆಗಳ ದಾಖಲೆ ಇಡೋ ಟೂಲ್) ಬೇರೆ ಬೇರೆ ಕಮಿಟ್ ಮಾಡಿ, ಅಂದ್ರೆ ಬೇರೆ ಬೇರೆಯಾಗಿ ದಾಖಲಿಸಿ. ಐನೂರು ಸಾಲು ಅತ್ತಿತ್ತ ಜರುಗಿದ ಮಧ್ಯೆ ನೀವು ಹಾಕಿದ ಒಂದು ಜೊತೆ ಬ್ರಾಕೆಟ್ ಯಾರಿಗೂ ಕಾಣಲ್ಲ.

ಪ್ರಶ್ನೆ ಕೇಳಿದವರು: ಬ್ರಾಕೆಟ್ ಹಾಕಿದೆ ಮೇಡಂ. 61 ಹೆಸರು ಇದ್ದದ್ದು 38ಕ್ಕೆ ಇಳೀತು. ಗುಮಾಸ್ತರ ಖಾತೆ ಪುಸ್ತಕದ ಜೊತೆ ತಾಳೆ ನೋಡಿದ್ವಿ, ಸರಿಯಾಗಿದೆ.