ಎಂಜಿನ್ ಆಯಿಲ್ ಕುಡಿಯುತ್ತಿದೆಯಾ? ಬಿಚ್ಚಿಸುವ ಮೊದಲು ಇಷ್ಟು ನೋಡಿ

ಕೇಳಿದವರ ಸಮಸ್ಯೆ ಇದು: ಪೆಟ್ರೋಲ್ ಕಾರು, 1,10,000 ಕಿ.ಮೀ. ಓಡಿದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ, ಆದರೂ ಎರಡು ಸರ್ವಿಸ್ ನಡುವೆ ಎರಡು ಸಲ ಆಯಿಲ್ ಹಾಕಬೇಕಾಯಿತು. ಮೆಕ್ಯಾನಿಕ್ ಎಂಜಿನ್ ಇಳಿಸಿ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೇರದಂತೆ ತಡೆಯುವ ಬಳೆಗಳು) ಬದಲಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದಾ?

ಈಗಲೇ ಹೂಂ ಅನ್ನಬೇಡಿ. ನನ್ನ ಹಳೆಯ ಕಾರಿಗೂ ಇದೇ ಮಾತು ಹೇಳಿದ್ದರು. ನಂಬಿ ಬಿಚ್ಚಿಸಿದೆ. ಒಳಗೆ ನೋಡಿದರೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಚೆನ್ನಾಗಿತ್ತು, ಹೊಸದರಲ್ಲಿ ಅದರ ಮೇಲೆ ಎಳೆದ ಹೋನಿಂಗ್ ಗೆರೆಗಳು ಕೂಡ ಅಳಿಸಿರಲಿಲ್ಲ. ಹಾಳಾಗಿದ್ದು ವಾಲ್ವ್ ಸೀಲ್, ಅಂದರೆ ವಾಲ್ವ್ ಪಕ್ಕದಿಂದ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ಪುಟ್ಟ ಭಾಗ. ಅದರ ರಬ್ಬರ್ ಎಷ್ಟು ಗಟ್ಟಿಯಾಗಿತ್ತೆಂದರೆ ಉಗುರಿನಿಂದ ಒತ್ತಿದರೂ ತಗ್ಗುತ್ತಿರಲಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಈ ಸೀಲ್ ಬದಲಿಸಬಹುದು. ಸ್ಪಾರ್ಕ್ ಪ್ಲಗ್ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿ, ವಾಲ್ವ್ ಒಳಗೆ ಬೀಳದಂತೆ ಹಿಡಿದಿಟ್ಟು ಕೆಲಸ ಮಾಡುತ್ತಾರೆ. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ತುಂಬಾ ಬೇಜಾರಾಯಿತು.

ಹೊಗೆ ಯಾವಾಗ ಬರುತ್ತದೆ ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಗಮನಿಸಿರಲಿಲ್ಲ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು, ಸ್ವಲ್ಪ ಹೊತ್ತಿಗೆ ನಿಂತರೆ ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ. ರಾತ್ರಿಯೆಲ್ಲ ಮೇಲಿನ ಆಯಿಲ್ ಹನಿಹನಿಯಾಗಿ ಒಳಗೆ ಇಳಿದಿರುತ್ತದೆ. ಉದ್ದದ ಇಳಿಜಾರನ್ನು ಗೇರಿನಲ್ಲೇ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಹೊಗೆ ಎದ್ದರೂ ಹೆಚ್ಚಾಗಿ ಅದೇ ಕಾರಣ. ಏರು ಹತ್ತುವಾಗ, ಲೋಡ್ ಬಿದ್ದಾಗ ಉದ್ದಕ್ಕೂ ಬರುತ್ತಿದ್ದರೆ ಮಾತ್ರ ರಿಂಗ್, ಬೋರ್ ಕಡೆ ನೋಡಿ. ಕಪ್ಪು ಹೊಗೆ ಬೇರೆ ವಿಷಯ, ಅದು ಪೆಟ್ರೋಲ್ ಜಾಸ್ತಿ ಹೋಗುತ್ತಿರುವ ಲಕ್ಷಣ. ಇನ್ನೊಂದು ಮಾತು, ಹೊಗೆ ಕಾಣಲಿಲ್ಲ ಎಂದರೆ ಆಯಿಲ್ ಉರಿಯುತ್ತಿಲ್ಲ ಎಂದಲ್ಲ. ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ.

ಜೊತೆಗೆ ಅಳತೆ ಇಡಿ. ಸಮತಟ್ಟಾದ ಒಂದೇ ಜಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ ಬರೆದಿಡಿ. 1000 ಕಿ.ಮೀ.ಗೆ ಎಷ್ಟು ಹೋಯಿತು ಎಂಬ ಲೆಕ್ಕ ಬೇಕು. ಮೇಲಿನ ಗೆರೆ ದಾಟಿ ತುಂಬಬೇಡಿ, ಜಾಸ್ತಿಯಾದರೂ ಆಯಿಲ್ ಉರಿಯುತ್ತದೆ.

ನನ್ನ ಅಕ್ಕನ ಕಾರಿನಲ್ಲಿ ಕಾರಣ ಇನ್ನೂ ಸಣ್ಣದು, ಪಿಸಿವಿ ವಾಲ್ವ್. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಬಿಡುವ ಭಾಗ ಅದು. ತೆರೆದೇ ಸಿಕ್ಕಿಹಾಕಿಕೊಂಡರೆ ಆಯಿಲ್ಲನ್ನೂ ಎಳೆಯುತ್ತದೆ. ಬಿಡಿಯಾಗಿ ಸಿಗುವಂಥದ್ದಾದರೆ ಬಿಚ್ಚಿ ಅಲುಗಾಡಿಸಿ. ಟಕಟಕ ಸದ್ದು ಬರದಿದ್ದರೆ ಬದಲಿಸಿ. ಅಕ್ಕನ ಕಾರು ಅಷ್ಟಕ್ಕೇ ಸರಿಹೋಯಿತು.

ಇಷ್ಟಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ಒಂದೇ ಪ್ಲಗ್ಗಿನ ತುದಿ ಎಣ್ಣೆಯಾಗಿದ್ದರೆ ದೋಷ ಆ ಸಿಲಿಂಡರಿನದು. ತುದಿ ಒಣಗಿದ್ದು, ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಅದು ಎಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್ ಕಡೆಯ ಸೋರಿಕೆ. ಆಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ, ಒಮ್ಮೆ ಒಣಗಿದ್ದಾಗ, ಇನ್ನೊಮ್ಮೆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು. ಕಡಿಮೆಯಿದ್ದದ್ದು ಎರಡನೇ ಸಲ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಕಂಪ್ರೆಷನ್ ಸರಿಯಾಗಿದ್ದೂ ಆಯಿಲ್ ಹೋಗುತ್ತಿದ್ದರೆ, ಕೆಳಗಿನ ಆಯಿಲ್ ರಿಂಗ್ ಮಾತ್ರ ಕಾರ್ಬನ್ ಹಿಡಿದು ಅಂಟಿಕೊಂಡಿರಬಹುದು ಎಂಬುದನ್ನೂ ಮರೆಯಬೇಡಿ.

ಸುಮ್ನೆ ದಪ್ಪ ಆಯಿಲ್ ಹಾಕಿ ಮುಚ್ಚಿಡಬೇಡಿ. ಪತ್ತೆಯಾಗುವವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಕೆಳಗಿನ ಗೆರೆ ಮುಟ್ಟುವ ಮೊದಲೇ ತುಂಬಿ. ಬೆಳಿಗ್ಗೆ ಹೊಗೆ ಬರುತ್ತದಾ, ಇಲ್ಲವಾ? ಮೊದಲು ಅದನ್ನು ತಿಳಿಸಿ.