ಉಯಿಲು ಬರೆಸೋಕೆ ನಿಜವಾಗಿ ಎಷ್ಟು ಖರ್ಚು? ನೋಂದಣಿ ಬೇಕೇ ಬೇಕಾ?

ಹೇಮಾವತಿ ನಾಲೆ (ಪ್ರಶ್ನೆ)

ತಂದೆಗೆ 74 ವರ್ಷ. ತುಮಕೂರಿನಲ್ಲಿ 30x40 ಸೈಟಿನಲ್ಲಿ ಅವರೇ ಕಟ್ಟಿಸಿದ ಮನೆ ಇದೆ. ಊರಲ್ಲಿ ತಾತನ ಕಾಲದ 2 ಎಕರೆ 10 ಗುಂಟೆ ತೆಂಗಿನ ತೋಟ, ಜೊತೆಗೆ ಬ್ಯಾಂಕಿನಲ್ಲಿ ಎಫ್‌ಡಿ. ನಾವು ಮೂವರು ಮಕ್ಕಳು, ಅಮ್ಮ ಇದ್ದಾರೆ. ಆಸ್ತಿ ಬೆಲೆ ನೋಡಿ ಛಾಪಾ ಕಾಗದ ಕಟ್ಟಬೇಕು ಅಂತ ಒಬ್ಬರು, ನೋಟರಿ ಮಾಡಿಸಿದ್ರೆ ಸಾಕು ಅಂತ ಇನ್ನೊಬ್ಬರು. ಏಜೆಂಟ್ ಒಬ್ಬರು ಎಲ್ಲಾ ಸೇರಿ 25 ಸಾವಿರ ಅಂತಿದ್ದಾರೆ. ಸರ್ಕಾರಕ್ಕೆ ಹೋಗೋದು ಎಷ್ಟು? ತಂದೆಗೆ ಮಂಡಿನೋವು, ಕಚೇರಿ ಮೆಟ್ಟಿಲು ಹತ್ತೋದು ಕಷ್ಟ.

ಬಿಕ್ಕಲಂ

ಮೊದಲು ದುಡ್ಡಿನ ವಿಷಯ. ಉಯಿಲಿಗೆ ಮುದ್ರಾಂಕ ಶುಲ್ಕ ಇಲ್ಲ. ಮನೆ ಒಂದು ಕೋಟಿ ಬಾಳಲಿ, ಹತ್ತು ಕೋಟಿ ಬಾಳಲಿ, ಛಾಪಾ ಕಾಗದ ಬೇಕಿಲ್ಲ. ಒಳ್ಳೆ ಬಿಳಿ ಹಾಳೆ ಸಾಕು. ನೋಂದಣಿ ಶುಲ್ಕವೂ ಆಸ್ತಿ ಬೆಲೆಯ ಶೇಕಡಾವಾರು ಅಲ್ಲ. ಅದು ನೂರುಗಳ ಲೆಕ್ಕದ ಸ್ಥಿರ ಶುಲ್ಕ, ಅದರ ಮೇಲೆ ಪುಟದ ಲೆಕ್ಕದಲ್ಲಿ ಸ್ಕ್ಯಾನಿಂಗ್. ಉಳಿದದ್ದೆಲ್ಲ ಬರೆಯೋರ ಕೂಲಿ. ಏಜೆಂಟ್ ಹೇಳಿದ 25 ಸಾವಿರವನ್ನು ಬಿಡಿಸಿ ಬರೆದುಕೊಡಿ ಅಂತ ಕೇಳಿ: ಸರ್ಕಾರಕ್ಕೆಷ್ಟು, ಬರಹಕ್ಕೆಷ್ಟು, ಓಡಾಟಕ್ಕೆಷ್ಟು. "ಸ್ಟಾಂಪ್ ಡ್ಯೂಟಿ" ಅಂತ ಒಂದು ಸಾಲು ಬಂದರೆ ಅಲ್ಲೇ ಎದ್ದು ಬನ್ನಿ.

ನೋಟರಿಗೆ ಕೊಡೋದು ದಂಡ. ನೋಟರಿ ಮೊಹರು ಬಿದ್ದರೆ ಉಯಿಲು ನೋಂದಣಿ ಆದಂತಲ್ಲ, ಸಾಕ್ಷಿಗಳ ಸಹಿಗೆ ಅದು ಬದಲಿಯೂ ಅಲ್ಲ.

ನೋಂದಣಿ ಕಡ್ಡಾಯ ಅಲ್ಲ. 1908ರ ನೋಂದಣಿ ಕಾಯ್ದೆಯ 18ನೇ ಕಲಂ ಉಯಿಲನ್ನು ಐಚ್ಛಿಕ ಪತ್ರಗಳ ಸಾಲಿನಲ್ಲೇ ಇಟ್ಟಿದೆ. ಆದರೂ ಮಾಡಿಸಿ ಅಂತಲೇ ನನ್ನ ಸಲಹೆ, ಯಾಕಂದ್ರೆ ಇಷ್ಟು ಕಡಿಮೆ ದುಡ್ಡಿಗೆ ಫೋಟೋ, ಹೆಬ್ಬೆಟ್ಟು, ತಾರೀಖು ಎಲ್ಲಾ ಸರ್ಕಾರಿ ದಾಖಲೆಯಲ್ಲಿ ಕೂರುತ್ತೆ. ಮೂಲ ಪ್ರತಿ ಕಳೆದರೂ ದೃಢೀಕೃತ ನಕಲು ಸಿಗುತ್ತೆ. ಬರೆದವರು ಬದುಕಿರುವವರೆಗೆ ಆ ನಕಲು ಅವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಕೊಡಲ್ಲ. ಉಯಿಲು ಇ.ಸಿ.ಯಲ್ಲೂ (ಋಣಭಾರ ಪ್ರಮಾಣಪತ್ರ) ಕಾಣಲ್ಲ, ಅದರ ಪುಸ್ತಕವೇ ಬೇರೆ. ಹಾಗಾಗಿ "ನೋಂದಣಿ ಮಾಡಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ" ಅನ್ನೋ ಭಯ ಬೇಡ.

ಮಂಡಿನೋವಿನ ವಿಷಯ: ಉಪ ನೋಂದಣಾಧಿಕಾರಿ ಮನೆಗೇ ಬಂದು ನೋಂದಾಯಿಸೋಕೆ ಕಾಯ್ದೆಯಲ್ಲಿ ಅವಕಾಶ ಇದೆ. ವೈದ್ಯರ ಪತ್ರ ಹಚ್ಚಿ ಅರ್ಜಿ ಕೊಡಿ. ಭೇಟಿ ಶುಲ್ಕ, ಪ್ರಯಾಣ ಭತ್ಯೆ ಬೇರೆ. ಇಲ್ಲಾಂದ್ರೆ ನೆಲಮಹಡಿಯಲ್ಲಿರೋ ಬೇರೆ ಕಚೇರಿ ನೋಡಿ, ಉಯಿಲಿಗೆ ಆಸ್ತಿ ಇರೋ ಊರಿನ ಕಚೇರಿಯೇ ಆಗಬೇಕು ಅಂತಿಲ್ಲ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ದಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತು ಮಾಡಿಕೊಂಡೇ ಹೋಗಿ.

ಚೆಕ್ಕುಬಂದಿ

ಖರ್ಚು ಮೇಲಿನವರು ಹೇಳಿದಷ್ಟೇ. ಆದರೆ ನಿಮ್ಮ ಪ್ರಶ್ನೆಯಲ್ಲಿ ತೊಡಕಿರೋದು "ತಾತನ ಕಾಲದ" ಅನ್ನೋ ಮಾತಲ್ಲಿ.

ತಾತನದಾಗಿತ್ತು ಅಂದ ಮಾತ್ರಕ್ಕೆ ಪಿತ್ರಾರ್ಜಿತ ಆಗಿಬಿಡಲ್ಲ. ತಾತ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನಾಗಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಉಯಿಲಿಲ್ಲದೆ ತೀರಿಕೊಂಡು, ವಾರಸಿಕೆಯಲ್ಲಿ ನಿಮ್ಮ ತಂದೆಗೆ ಬಂದಿದ್ದರೆ ಅದು ಅವರ ಸ್ವಂತದ್ದು, ಪೂರ್ತಿ ಬರೆಯಬಹುದು. ತಲೆತಲಾಂತರದ ಮನೆತನದ ಜಮೀನು ವಿಭಾಗ ಪತ್ರದ ಮೂಲಕ ಬಂದಿದ್ದರೆ ಹಾಗಲ್ಲ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು, 2005ರ ತಿದ್ದುಪಡಿ ನಂತರ ಹೆಣ್ಣುಮಕ್ಕಳಿಗೂ ಸಮ. ತಂದೆ ತಮ್ಮ ಭಾಗವನ್ನಷ್ಟೇ ಉಯಿಲು ಮಾಡಬಹುದು. ಇಡೀ ತೋಟ ಒಬ್ಬರ ಹೆಸರಿಗೆ ಬರೆದರೆ ನೋಂದಣಿ ಕಚೇರಿಯಲ್ಲಿ ಯಾರೂ ತಡೆಯಲ್ಲ, ಏಟು ಬೀಳೋದು ಆಮೇಲೆ. ಆದ್ದರಿಂದ ವಕೀಲರ ಹತ್ತಿರ ಹೋಗುವಾಗ ವಿಭಾಗ ಪತ್ರ, ಹಳೇ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ಒಯ್ಯಿರಿ. ದುಡ್ಡು ಕೊಡಬೇಕಾದ್ದು ಈ ಪರಿಶೀಲನೆಗೆ.

ಷೆಡ್ಯೂಲ್, ಅಂದ್ರೆ ಆಸ್ತಿಯ ವಿವರ, ಬರೆಯೋದು ಹೀಗೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಿಸ್ಸಾ ಸಮೇತ, ಎಕರೆ–ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಮನೆಗೆ ಖಾತಾ ನಂಬರ್, ಅಳತೆ, ಕ್ರಯಪತ್ರದ ನಂಬರ್, ತಾರೀಖು. "ಊರಿನ ತೋಟ ದೊಡ್ಡ ಮಗನಿಗೆ" ಅಂತ ಬಿಟ್ಟರೆ, ಅದು ಯಾವ ತುಂಡು ಅನ್ನೋದೇ ಮುಂದೆ ಜಗಳ. ಪಹಣಿಯಲ್ಲಿ 2-10 ಇದ್ದು ಉಯಿಲಿನಲ್ಲಿ 2-20 ಅಂತ ಟೈಪಾದರೆ ಕಂದಾಯದವರು ಅರ್ಜಿ ವಾಪಸ್ ಕಳಿಸ್ತಾರೆ. ತಿದ್ದೋಣ ಅಂದ್ರೆ ಬರೆದವರೇ ಇರಲ್ಲ.

ಕೊನೆಯಲ್ಲಿ, "ಇಲ್ಲಿ ಹೆಸರಿಸದ, ಮುಂದೆ ನನಗೆ ಬರಬಹುದಾದ ಎಲ್ಲ ಸ್ಥಿರ ಚರ ಸ್ವತ್ತು ಇಂಥವರಿಗೆ ಸೇರತಕ್ಕದ್ದು" ಅನ್ನೋ ಸಾಲು ಮರೀಬೇಡಿ. ಎಫ್‌ಡಿಯನ್ನೂ ಹೆಸರಿಸಿ. ನಾಮಿನಿ ಅಂದ್ರೆ ಬ್ಯಾಂಕಿನಿಂದ ಹಣ ಪಡೆಯೋರು, ಅಷ್ಟಕ್ಕೇ ಮಾಲೀಕರಾಗಲ್ಲ.

ಅಡಿಕೆ ಗರಿ

ಸಾಕ್ಷಿಗಳ ಬಗ್ಗೆ ಯಾರೂ ಹೇಳಲಿಲ್ಲ. ಉಯಿಲು ನಿಲ್ಲೋದು ಬೀಳೋದು ಅಲ್ಲೇ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು. ತಂದೆ ಸಹಿ ಹಾಕೋದನ್ನು ಇಬ್ಬರೂ ಕಂಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ಅವರ ಬಾಯಿಂದ ಕೇಳಿರಬೇಕು. ಆಮೇಲೆ ತಂದೆಯ ಎದುರಿನಲ್ಲೇ ಇಬ್ಬರೂ ಸಹಿ ಹಾಕಬೇಕು. ಕಾಗದ ಮನೆಮನೆಗೆ ಒಯ್ದು ಸಹಿ ಹಾಕಿಸಿಕೊಂಡು ಬಂದರೆ ಕೆಟ್ಟಿತು. ನೋಂದಣಿ ಆಗಿದ್ದರೂ ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ತಂದೆಯ ವಾರಿಗೆಯ ಸ್ನೇಹಿತರಿಬ್ಬರನ್ನು ಕರೆಸಿದರೆ ಆ ಹೊತ್ತಿಗೆ ಅವರೂ ಇರದೇ ಹೋಗಬಹುದು. ನಲವತ್ತರ ಆಸುಪಾಸಿನ, ಊರು ಬಿಡದ, ಆಸ್ತಿಯಲ್ಲಿ ಏನೂ ಸಿಗದ ಇಬ್ಬರನ್ನು ಆರಿಸಿ.

ಆಸ್ತಿ ಸಿಗುವ ಮಗ ಅಥವಾ ಮಗಳು ಬರೆಸೋ ಕೆಲಸದಲ್ಲಿ ಮುಂದೆ ನಿಲ್ಲಬಾರದು. 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವೆಂಕಟಾಚಲ ಅಯ್ಯಂಗಾರ್ – ತಿಮ್ಮಾಜಮ್ಮ ಪ್ರಕರಣ ನಮ್ಮ ಮೈಸೂರು ಹೈಕೋರ್ಟಿನಿಂದಲೇ ಹೋದದ್ದು. ಉಯಿಲು ಸಿದ್ಧಪಡಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದವರ ಮಕ್ಕಳಿಗೇ ಅದರಲ್ಲಿ ದೊಡ್ಡ ಲಾಭ ಇತ್ತು. ಆ ಅನುಮಾನ ನೀಗದೆ ಉಯಿಲು ಬಿತ್ತು. ಇವತ್ತಿಗೂ ಉಯಿಲಿನ ವ್ಯಾಜ್ಯ ಅಂದ್ರೆ ಮೊದಲು ಬರೋ ಹೆಸರು ಅದೇ.

ಪ್ರತಿ ಪುಟದಡಿಯಲ್ಲೂ ತಂದೆಯ ಸಹಿ ಇರಲಿ. ಪುಟದ ಕೊನೆಯಲ್ಲಿ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ, ತಿದ್ದಿದ ಕಡೆ ತಂದೆ, ಇಬ್ಬರು ಸಾಕ್ಷಿಗಳು ಮೂವರದೂ ಸಹಿ ಬೀಳಲಿ. ಕೊನೇ ಸಹಿ ಒಂದೇ ಬೇರೆ ಹಾಳೆಗೆ ಹೋಗೋ ಹಾಗೆ ಟೈಪ್ ಮಾಡಿಸಬೇಡಿ, ಹಿಂದಿನ ಹಾಳೆ ಬದಲಾಯಿಸಿದ್ದಾರೆ ಅನ್ನೋಕೆ ಅದೇ ದಾರಿ. 74ರ ವಯಸ್ಸಿಗೆ ಅದೇ ದಿನದ ವೈದ್ಯರ ಪತ್ರ ಒಂದಿರಲಿ, ಕಡ್ಡಾಯ ಅಲ್ಲ, ಆದರೂ ಬೇಕು. ಒಬ್ಬ ಮಗುವಿಗೆ ಕಡಿಮೆ ಅಥವಾ ಏನೂ ಇಲ್ಲ ಅಂದ್ರೆ ಕಾರಣವನ್ನು ಎರಡು ಸಾಲಿನಲ್ಲಿ ತಂದೆಯ ಮಾತಲ್ಲೇ ಬರೆಸಿ.

ಹೇಮಾವತಿ ನಾಲೆ

ತುಂಬಾ ಉಪಕಾರ. ತೋಟ ಬಂದಿರೋದು ವಿಭಾಗ ಪತ್ರದಲ್ಲೇ. ಮನೆಯನ್ನು ಈಗಲೇ ದಾನಪತ್ರ ಮಾಡಿಬಿಟ್ಟರೆ ಹೇಗೆ? ಇನ್ನೊಂದು, ಮುಂದೆ ಖಾತೆ ಬದಲಾವಣೆಗೆ ಪ್ರೊಬೇಟ್ (ಉಯಿಲು ನಿಜ ಅನ್ನೋ ಕೋರ್ಟಿನ ದೃಢೀಕರಣ) ಬೇಕಾ?

ಬಿಕ್ಕಲಂ

ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಇದೆ, ನೋಂದಣಿಯೂ ಕಡ್ಡಾಯ. ಕುಟುಂಬದೊಳಗೆ ಅಂದ್ರೆ ರಿಯಾಯಿತಿ ಇದೆ ನಿಜ. ಆದರೆ ನೋಂದಣಿ ಆದ ಕ್ಷಣದಿಂದ ಮನೆ ತಂದೆಯದ್ದಲ್ಲ, ಮನಸ್ಸು ಬದಲಾದರೆ ಅಂತ ಸುಲಭಕ್ಕೆ ವಾಪಸ್ ಬರಲ್ಲ. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಾಯಿಸಬಹುದು, ಕೊನೆಯದೇ ಊರ್ಜಿತ. ಅಮ್ಮ ಇನ್ನೂ ಅದೇ ಮನೆಯಲ್ಲಿರೋವಾಗ ನಾನಂತೂ ದಾನಪತ್ರ ಬೇಡ ಅಂತೀನಿ. ಉಯಿಲಿನಲ್ಲೇ ಅಮ್ಮನಿಗೆ ಜೀವಿತಾವಧಿ ವಾಸದ ಹಕ್ಕು, ಆಮೇಲೆ ಮಕ್ಕಳಿಗೆ ಅಂತ ಬರೆಸಿ.

ಕರ್ನಾಟಕದಲ್ಲಿರೋ ಆಸ್ತಿಗೆ ಹಿಂದೂಗಳು ಇಲ್ಲಿ ಬರೆದ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲ. ಮರಣ ಪ್ರಮಾಣಪತ್ರ, ಉಯಿಲಿನ ದೃಢೀಕೃತ ನಕಲು, ವಂಶವೃಕ್ಷ ಇಟ್ಟು ಅರ್ಜಿ ಕೊಟ್ಟರೆ ಉಳಿದ ವಾರಸುದಾರರಿಗೆ ನೋಟಿಸ್ ಹೋಗುತ್ತೆ. ತಕರಾರು ಬರದಿದ್ದರೆ ಖಾತೆ ಆಗುತ್ತೆ. ಬಂದರೆ ಉಯಿಲು ನಿಜವೋ ಸುಳ್ಳೋ ಅಂತ ತಹಶೀಲ್ದಾರ್ ತೀರ್ಮಾನಿಸುವಂತಿಲ್ಲ, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

ತೋಟದ ವಿಷಯ ಈಗ ಸ್ಪಷ್ಟ ಆಯ್ತಲ್ಲ. ಮನೆ ಮತ್ತು ಎಫ್‌ಡಿ ಪೂರ್ತಿಯಾಗಿ, ತೋಟದಲ್ಲಿ "ನನ್ನ ಭಾಗಕ್ಕೆ ಬರುವಷ್ಟು" ಅಂತ ಬರೆಸಿ.