ಎಕ್ಸ್‌ಪೈರಿ ಇನ್ನೂ ಐತಿ, ಆದ್ರೂ ಫ್ಲೋರೈಡ್ ಟೆಸ್ಟ್ ಬಣ್ಣ ಸರಿ ಬರ್ತಿಲ್ಲ, ಕೆಮಿಕಲ್ ಕೆಟ್ಟೈತಾ?

ಜಗಳೂರು_ಸೀಮೆ:
ನಮ್ಮ ಕಡೆ ಬೋರ್ ನೀರೇ ಗತಿ, ಫ್ಲೋರೈಡ್ ಕಾಟ ಹೊಸದಾಗಿ ಹೇಳಬೇಕಿಲ್ಲ. ಜಲ ಜೀವನ್ ಮಿಷನ್ ಟೆಸ್ಟ್ ಕಿಟ್ ಈಗ ನಮ್ಮ ಮಹಿಳಾ ಸಂಘದ ಕೈಗೆ ಬಂದೈತಿ, ಇಲ್ಲೀವರೆಗೂ ತಗಡಿನ ಶೀಟ್ ರೂಮಲ್ಲಿತ್ತು, ಏಪ್ರಿಲ್ ಬಿಸಿಲಿಗೆ ಆ ರೂಮು ಕಾದ ಹಂಚು. ಬಾಟ್ಲಿ ಮೇಲೆ ಡೇಟ್ ಇನ್ನೂ ಮುಗಿದಿಲ್ಲ, ಆದ್ರೆ ಶಾಲೆ ಬೋರ್ ನೀರಿಗೆ ಹಾಕಿದ್ರೆ ಬಣ್ಣ ಮಾಸಲು ಮಾಸಲು, ಚಾರ್ಟಿನ ಯಾವ ಬಣ್ಣಕ್ಕೂ ಕೂಡಂಗಿಲ್ಲ. ಮಕ್ಕಳು ಕುಡಿಯೋ ನೀರ್ರಿ, ಅಂದಾಜಿಗೆ ಬರೆಯಾಕೆ ಮನಸ್ಸು ಒಪ್ಪಲ್ಲ. ಏನ್ ಮಾಡ್ಲಿ?

ಲ್ಯಾಬ್_ದಾವಣಗೆರೆ:
ಬರೀದೇ ಇದ್ದದ್ದು ಒಳ್ಳೇದಾಯ್ತು ಮೇಡಂ. ಆ ಡೇಟ್ ಅನ್ನೋದು ಲೇಬಲ್ಲಲ್ಲಿ ಹೇಳಿದಂಗೆ ತಂಪಲ್ಲಿ, ನೆರಳಲ್ಲಿ, ಮುಚ್ಚಳ ಬಿಗಿಯಾಗಿಟ್ಟಿದ್ರೆ ಮಾತ್ರ ಲೆಕ್ಕಕ್ಕೆ. ಮೊದ್ಲು ಡಿಸ್ಟಿಲ್ಡ್ ವಾಟರ್ ತಗೊಂಡು ಅದೇ ಟೆಸ್ಟ್ ಮಾಡಿ, ಚಾರ್ಟಿನ ಸೊನ್ನೆ ಬಣ್ಣ ಬರಲೇಬೇಕು, ಬರ್ಲಿಲ್ಲ ಅಂದ್ರೆ ಆ ಬಾಟ್ಲಿ ಪಕ್ಕಕ್ಕಿಡಿ. ಬಂದ್ರೂ ಅಷ್ಟಕ್ಕೇ ನಂಬಬೇಡಿ, ಲ್ಯಾಬಿಂದ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರೋ ಸ್ಟ್ಯಾಂಡರ್ಡ್, ಅಂದ್ರೆ ಅಳೆದು ತಯಾರಿಸಿದ ನೀರು, ಕೇಳಿ ತಗೊಳ್ಳಿ, ಪ್ಲಾಸ್ಟಿಕ್ ಬಾಟ್ಲಿಲೇ ತಗೊಳ್ಳಿ ಗಾಜು ಬೇಡ, ಅದಕ್ಕೆ ಕಿಟ್ 1 ತೋರಿಸುತ್ತಾ ನೋಡಿ. ನಮ್ಮ ದೇಶದಲ್ಲಿ ಕುಡಿಯೋ ನೀರಿಗೆ 1ರವರೆಗೆ ಸರಿ, ಬೇರೆ ನೀರೇ ಇಲ್ದಿದ್ರೆ 1.5ರವರೆಗೆ ಅಂತ ಐತಲ್ಲ, ಅಲ್ಲೇ ತಪ್ಪಿದ್ರೆ ಟೆಸ್ಟ್ ಮಾಡಿ ಏನು ಬಂತು? ಇನ್ನೊಂದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರಲ್ಲ, ಆ ಕ್ಲೋರಿನ್ನೂ ಈ ಬಣ್ಣ ತಿನ್ನುತ್ತೆ, ಇಲ್ಲದ ಫ್ಲೋರೈಡ್ ತೋರಿಸುತ್ತೆ. ಅದಕ್ಕೆ ಸ್ಯಾಂಪಲ್ ಬೋರ್ ಪೈಪಿಂದಲೇ ಹಿಡೀರಿ.

ಕೋಟೆ_ಮೇಷ್ಟ್ರು:
ಚಿತ್ರದುರ್ಗದಿಂದ. ಫ್ಲೋರೈಡ್ ಒಂದೇ ಅಲ್ಲ, ಕಿಟ್ ಪೂರ್ತಿ ನೋಡಿ. ನೀರಿನ ಗಡಸುತನ ನೋಡೋ ಟೆಸ್ಟಿಗೆ ಬಫರ್ ಅಂತ ಒಂದು ದ್ರಾವಣ ಇರುತ್ತಲ್ಲ, ಅದ್ರಲ್ಲಿ ಅಮೋನಿಯಾ ಇರುತ್ತೆ, ಮುಚ್ಚಳ ಸಡಿಲ ಇದ್ರೆ ಅದು ಹಾರಿಹೋಗುತ್ತೆ, ಆಮೇಲೆ ಬಣ್ಣ ಸರಿಯಾಗಿ ತಿರುಗಲ್ಲ. ಕ್ಲೋರೈಡ್ ಟೆಸ್ಟಿನ ಸಿಲ್ವರ್ ನೈಟ್ರೇಟ್ ಕಂದು ಬಾಟ್ಲಿಲೇ ಇರ್ಲಿ, ಬೆಳಕು ಬಿದ್ರೆ ಕೆಡುತ್ತೆ. ಬ್ಯಾಕ್ಟೀರಿಯಾ ನೋಡೋ ಎಚ್‌ಟುಎಸ್ ವಯಲ್ ನೀರು ಹಾಕೋ ಮೊದ್ಲೇ ಕಪ್ಪಾಗಿದ್ರೆ ಉಪಯೋಗಿಸಲೇಬೇಡಿ. ತೆರೆದ ದಿನ ಪ್ರತಿ ಬಾಟ್ಲಿ ಮೇಲೂ ಪೆನ್ನಲ್ಲಿ ಬರೀರಿ, ಒಂದರ ಮುಚ್ಚಳ ಇನ್ನೊಂದಕ್ಕೆ ಹಾಕಬೇಡಿ, ಒಳಗಿನ ಗೋಡೆ ಕಪಾಟಲ್ಲಿ ಬೀಗ ಹಾಕಿಡಿ. ಮನೆ ಫ್ರಿಜ್ಜಲ್ಲಿ ಹಾಲು ಮೊಸರಿನ ಪಕ್ಕ ಮಾತ್ರ ಇಡಬೇಡ್ರಿ ದಯವಿಟ್ಟು.

ಜಗಳೂರು_ಸೀಮೆ:
ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿದ್ವಿ ಸರ್, ಅದಕ್ಕೂ ಅದೇ ಮಾಸಲು ಬಣ್ಣ. ಶಾಲೆ ನೀರನ್ನ ಲ್ಯಾಬಿಗೆ ಕಳಿಸ್ತಿದೀವಿ. ಇದೇ ಬಾಟ್ಲಿಲಿ ಹಿಂದಿನೋರು ಬರೆದಿಟ್ಟಿರೋ ರೀಡಿಂಗ್ ಏನ್ ಮಾಡೋದು?

ಲ್ಯಾಬ್_ದಾವಣಗೆರೆ:
ಅಳಿಸಬೇಡಿ, ಪಕ್ಕದಲ್ಲಿ ‘ರಿಯೇಜೆಂಟ್ (ಟೆಸ್ಟ್ ಕೆಮಿಕಲ್) ಅನುಮಾನ’ ಅಂತ ಬರೆದು ಆ ಬೋರ್‌ಗಳನ್ನೆಲ್ಲ ಹೊಸ ಬಾಟ್ಲಿಲಿ ಮತ್ತೆ ಮಾಡಿ, ಶಾಲೆ ಅಂಗನವಾಡಿ ಮೊದ್ಲು. ಹಳೇ ಬಾಟ್ಲಿ ಚರಂಡಿಗೆ, ಹೊಲಕ್ಕೆ ಚೆಲ್ಲಬೇಡಿ, ಸ್ಯಾಂಪಲ್ ಜೊತೆ ಲ್ಯಾಬಿಗೇ ಕೊಟ್ಟುಬಿಡಿ.